ಬಿಳಿ ಬೇರೆ, ಬಣ್ಣ ಬೇರೆ

ಇತಿಹಾಸ ಬರೆಯುವವರು ಗಮನಿಸದೆ ಬಿಟ್ಟ ಮಹತ್ವದ ಘಟನೆಯೊಂದನ್ನು ಮೊದಲಿಗೇ ಹೇಳಿಬಿಡಬೇಕು. ಒಂದು ಮಂಗಳವಾರ ಬೆಳಗ್ಗೆ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಸಣ್ಣ ಲಾಂಡ್ರಿಯೊಂದರಲ್ಲಿ, ಒಂದು ಗಂಟು ಬಿಳಿ ಚಾದರಗಳ ಮೇಲಿದ್ದ ಕೆಂಪು ಕಲೆಗಳೆಲ್ಲ ಪೂರ್ತಿ ಹೋಗಿಬಿಟ್ಟವು.

ಹುಡುಕಿದರೂ ಒಂದು ಚುಕ್ಕೆ ಉಳಿದಿರಲಿಲ್ಲ.

ಲಾಂಡ್ರಿ ನಡೆಸುವವಳಿಗೆ ಅದು ಹೆಮ್ಮೆಯ ವಿಷಯ. ಎರಡು ಸಲ ನೆನೆಹಾಕಿ, ಬ್ರಷ್ಷಿನಲ್ಲಿ ತಿಕ್ಕಿ, ಬೆರಳ ತುದಿ ಸುಕ್ಕಾಗುವ ತನಕ ಜಾಲಾಡಿದ್ದಳು. ಯಾರ ಮನೆಯಲ್ಲಿ ಏನು ಅನಾಹುತವಾಯಿತೋ ಪಾಪ, ಕಲೆಯಾದರೂ ಹೋಗಲಿ ಎಂದುಕೊಂಡಿದ್ದಳು. ಸುಸ್ತಾಗಿತ್ತು. ಆದರೆ ಸುಸ್ತಾಗದ ದಿನ ಯಾವುದು ಎಂದು ಕೇಳಿದ್ದರೆ ಅವಳು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು.

ಗಂಟು ತೆಗೆದುಕೊಂಡು ಹೋಗಲು ಬಂದವನು ಕನ್ನಡಕದ ಮನುಷ್ಯ. ಕೌಂಟರಿನ ಮೇಲೆಯೇ ಗಂಟು ಬಿಚ್ಚಿ, ಒಂದು ಚಾದರ ಹರಡಿ, ಮಗುಚಿ, ಬೆಳಕಿಗೆ ಹಿಡಿದು ನೋಡಿದ.

"ಕಲೆ ಎಲ್ಲಿ?"

"ಹೋಯ್ತು," ಎಂದಳು ಅವಳು, ಹೊಗಳಿಕೆಗೆ ಕಾಯುತ್ತಾ.

"ಹೋಯ್ತು ಅಂದ್ರೆ? ಎಲ್ಲಿಗೆ ಹೋಯ್ತು?"

"ಚರಂಡಿಗೆ. ಮತ್ತೇನು ಪ್ರವಾಸಕ್ಕೆ ಹೋಗುತ್ತಾ?"

"ರೀ! ಆ ಕಲೆ ಹಾಕೋಕೆ ನಾವು ಅಷ್ಟೂ ಜನ ಒಂದು ಭಾನುವಾರ ಪೂರ್ತಿ ಕೂತಿದ್ವಿ!"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡೋಕೆ ಸರಿಯಾಗೇ ಇದ್ದಾನಲ್ಲ...

"ಸ್ವಾಮಿ, ಲಾಂಡ್ರಿಗೆ ಬಟ್ಟೆ ಕೊಟ್ಟು ಕಲೆ ಯಾಕೆ ತೆಗೆದ್ರಿ ಅಂತ ಜಗಳಕ್ಕೆ ಬಂದ ಗಿರಾಕಿ ನಮ್ಮಪ್ಪನ ಕಾಲದಿಂದ ನೀವೊಬ್ರೇ. ಕಲೆ ಇರಲಿ ಅಂತ ಒಂದು ಮಾತು ಹೇಳೋಕೇನಾಗಿತ್ತು?"

"ಹೆಡ್ ಮೇಡಂ ಹೇಳಿರಬೇಕಲ್ಲ?"

ಒಳಗೆ ಇಸ್ತ್ರಿ ಮಾಡುತ್ತಿದ್ದ ಅತ್ತೆ, ಅಂದರೆ ಅವಳ ತಂದೆಯ ತಂಗಿ, ಅಲ್ಲಿಂದಲೇ ಕೂಗಿ ಹೇಳಿದರು: "ಯಾರೋ ರಿಟೈರಾದ ಸ್ಕೂಲ್ ಮೇಡಂ ತಂದು ಕೊಟ್ರು. 'ಚೆನ್ನಾಗಿ ಒಗೀರಿ' ಅಂದ್ರು. ಇವಳು ಚೆನ್ನಾಗಿ ಒಗೆದಳು. ಈಗ ಅದೂ ತಪ್ಪಾ?"

ಅವನು ಬೆಳ್ಳಗೆ ಹೊಳೆಯುವ ಚಾದರವನ್ನು ಮತ್ತೊಮ್ಮೆ ನೋಡಿ ನಕ್ಕುಬಿಟ್ಟ.

ನಗುವಾಗ ಅವನ ಕಣ್ಣಿನ ಸುತ್ತ ಕಪ್ಪು ಕಾಣಿಸಿತು. ಇವನಿಗೂ ನಿದ್ದೆ ಸಾಲುತ್ತಿಲ್ಲ ಎಂದುಕೊಂಡಳು ಅವಳು. ಯಾಕೋ ಸ್ವಲ್ಪ ಸಮಾಧಾನವಾಯಿತು.

ವಿಷಯ ಇಷ್ಟು. ಪ್ರತಿ ಶನಿವಾರ ನಡುಮಧ್ಯಾಹ್ನ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಬಂದು ರಸ್ತೆಯ ಮೇಲೆ ಮಲಗುತ್ತಿದ್ದರು. ಮಿಲಿಟರಿ ಕಚೇರಿಯ ಎದುರು, ವಿಮಾನನೆಲೆಯ ಎದುರು, ಕಾರ್ಖಾನೆಯ ಎದುರು. ಮೈಮೇಲೆ ರಕ್ತದ ಕಲೆಯ ಬಿಳಿ ಚಾದರ. ಎಲ್ಲೋ ಕುರ್ಚಿಯಲ್ಲಿ ಕೂತವರು ಗುಂಡಿ ಒತ್ತಿದರೆ ಇನ್ನೆಲ್ಲೋ ಒಂದು ಮನೆಯನ್ನು ನೆಲಸಮ ಮಾಡುವ ಡ್ರೋನುಗಳು ಬೇಡ ಎನ್ನುವುದು ಅವರ ಮಾತು. ಮಾತು ಕೇಳುವವರು ಸಿಗದ ಕಾರಣ ಮಲಗಿ ಹೇಳುತ್ತಿದ್ದರು. ಮೊದಲು ನಾಲ್ಕಾರು ಊರುಗಳಲ್ಲಿದ್ದದ್ದು ಈಗ ವಾರವಾರಕ್ಕೆ ಬೆಳೆಯುತ್ತಿತ್ತು. ಈ ಊರಿನಲ್ಲಿ ಅಂಥವರು ಒಂದು ಸಣ್ಣ ಬಸ್ಸಿನಷ್ಟು ಮಂದಿ. ಕನ್ನಡಕದವನು ಅವರ ಚಾದರಗಳ ಉಸ್ತುವಾರಿ.

"ಅಂದ್ರೆ ನೀವು ಹೆಣದ ಪಾರ್ಟು ಮಾಡ್ತೀರಾ?" ಎಂದು ಕೇಳಿದರು ಅತ್ತೆ, ಬಲು ಆಸಕ್ತಿಯಿಂದ.

"ಹಾಗೇ ಅಂದ್ಕೊಳ್ಳಿ."

"ಸಂಬಳ ಇದೆಯಾ?"

"ಅತ್ತೆ!" ಎಂದಳು ಲಾಂಡ್ರಿಯವಳು.

ಅವನ ಸಂಬಳದ ಕೆಲಸ ಬೇರೆಯದು. ದೂರದೇಶಗಳ ವಿಡಿಯೋಗಳಿಗೆ ಸಬ್‌ಟೈಟಲ್ ಬರೆಯುವುದು. ಅತ್ತೆಗೆ ಅದು ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂದಿನಿಂದ ಅವನಿಗೆ 'ಚಾದರ' ಎಂದೇ ಹೆಸರಿಟ್ಟರು.

* * *

ಆ ಅಂಗಡಿಯ ಗೋಡೆಯ ಮೇಲೆ ದೇವರ ಪಟವಿರಲಿಲ್ಲ. ತೀರಿಹೋದ ಅಪ್ಪ ನೀಲಿ ಬಣ್ಣದಲ್ಲಿ ಬರೆದ ಒಂದು ಸಾಲಿತ್ತು: ಬಿಳಿ ಬೇರೆ, ಬಣ್ಣ ಬೇರೆ. ಮಗಳಿಗೆ ಅವರು ಬಿಟ್ಟುಹೋದ ಆಸ್ತಿ ಎರಡು ಮಿಷನ್ನು, ಈ ಸಾಲು.

ಎಲ್ಲಕ್ಕಿಂತ ಬಿಳಿಯ ಬಟ್ಟೆ ಊರಾಚೆಯ ಕಾರ್ಖಾನೆಯದು. ಅಲ್ಲಿ ಡ್ರೋನಿನ ಕಣ್ಣು, ಅಂದರೆ ಕ್ಯಾಮೆರಾ, ತಯಾರಾಗುತ್ತಿತ್ತು. ಅವಳ ಅಣ್ಣನಿಗೆ ಆ ಕಣ್ಣಿನ ಗಾಜು ಒರೆಸುವ ಕೆಲಸ. ಧೂಳಿನ ಒಂದು ಕಣವೂ ಇರಬಾರದು, ಅದಕ್ಕೇ ಅಲ್ಲಿನವರೆಲ್ಲ ಕತ್ತಿನಿಂದ ಕಾಲಿನ ತನಕ ಬಿಳಿ ಕೋಟು ತೊಡುತ್ತಿದ್ದರು. ಕೋಟುಗಳು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದವು. ಕೈ ತಾಗಿಸದೆ, ಮಿಷನ್ನಿನ ಬಾಯಿಗೆ ಗಂಟು ಹಿಡಿದು ಬಿಚ್ಚಿ ಹಾಗೇ ಸುರಿಯಬೇಕು. ಕಾರ್ಖಾನೆಯ ಷರತ್ತು ಅದು. ಆ ಕೆಲಸ ಕೊಡಿಸಿದ್ದು ಅಣ್ಣನೇ. ಅಂಗಡಿ ನಡೆಯುತ್ತಿದ್ದದ್ದೂ ಅದರಿಂದಲೇ.

ಎರಡನೇ ವಾರ ಚಾದರದವನು ಕೋಟುಗಳನ್ನು ನೋಡಿದ.

"ಇವು... ಆ ಕಾರ್ಖಾನೆಯವಾ?"

"ಹೂಂ."

"ನಾವು ಹೋಗಿ ಮಲಗೋದು ಅದರ ಗೇಟಿನ ಮುಂದೇನೇ."

"ಗೊತ್ತು. ನಮ್ಮಣ್ಣ ಶನಿವಾರ ಊಟದ ಬಿಡುವಲ್ಲಿ ಕಿಟಕಿಯಿಂದ ನೋಡ್ತಾನಂತೆ. ಮೊದಲನೇ ಸಾಲಲ್ಲಿ ಯಾರೋ ಗೊರಕೆ ಹೊಡೀತಾರಂತಲ್ಲ?"

"ಹೆಡ್ ಮೇಡಂ," ಎಂದ ಅವನು ತಲೆತಗ್ಗಿಸಿ. "ಸತ್ತವರು ಗೊರಕೆ ಹೊಡೆಯಲ್ಲ ಅಂತ ಎಷ್ಟು ಸಲ ಹೇಳಿದ್ದೀವಿ..."

ಅವಳು ನಕ್ಕಳು. ಎಷ್ಟು ದಿನವಾಗಿತ್ತೋ ನಕ್ಕು! ಆಮೇಲೆ ಯಾಕೆ ನಕ್ಕೆ ಎಂದು ತನ್ನ ಮೇಲೆಯೇ ಸಿಟ್ಟು ಮಾಡಿಕೊಂಡಳು.

"ನೋಡಿ, ನನ್ನ ಹತ್ರ ಬರೋದು ಬಟ್ಟೆ. ಒಳಗಿದ್ದೋರು ಯಾರು, ಏನು ಮಾಡ್ತಾರೆ ಅಂತ ನಾನು ಕೇಳಲ್ಲ. ನಿಮ್ಮದೂ ಒಗೀತೀನಿ, ಅವರದೂ ಒಗೀತೀನಿ."

"ನಾನೇನೂ ಅನ್ನಲಿಲ್ವಲ್ಲ."

"ಮುಖ ಅಂತು."

ಅವನು ಕೋಟುಗಳ ಗಂಟನ್ನು ನೋಡುತ್ತಾ ಕೇಳಿದ: "ಕೋಟುಗಳು ಯಾವ ದಿನ ಬರುತ್ತೆ?"

"ಬುಧವಾರ. ಯಾಕೆ?"

"ಆ ದಿನ ನಿಮಗೆ ಕೆಲಸ ಜಾಸ್ತಿ ಇರುತ್ತಲ್ಲ. ನಾನು ಬೇರೆ ದಿನ ಬರ್ತೀನಿ."

ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ. ಅವಳು ಇಟ್ಟುಕೊಂಡಿದ್ದಳು. ಅದೇ ತೊಂದರೆಯಾಯಿತು.

* * *

ಆಮೇಲಿನ ವಾರಗಳಲ್ಲಿ ಚಾದರಗಳಿಗೆ ಹೊಸ ವ್ಯವಸ್ಥೆಯಾಯಿತು. ರಸ್ತೆಯ ಧೂಳು ಹೋಗಬೇಕು, ಕಲೆ ಉಳಿಯಬೇಕು. ಅವಳು ತಣ್ಣೀರಿನಲ್ಲಿ ಒಂದೊಂದನ್ನೇ ಕೈಯಲ್ಲೇ ಜಾಲಿಸುತ್ತಿದ್ದಳು. ಕಲೆ ಉಳಿಸುವುದು ಕಲೆ ತೆಗೆಯುವುದಕ್ಕಿಂತ ಕಷ್ಟ ಎಂದು ಅವಳಿಗೆ ಮೊದಲ ಬಾರಿ ತಿಳಿಯಿತು. ಬಣ್ಣವೂ ಎಷ್ಟು ಜೋಪಾನ ಮಾಡಿದರೂ ವಾರವಾರಕ್ಕೆ ಮಾಸುತ್ತಿತ್ತು.

ಒಂದು ದಿನ ಅವನು ಬಂದು ಬೀಗುತ್ತಾ ಹೇಳಿದ: "ಇನ್ನು ನಿಮಗೆ ಈ ಕಷ್ಟ ಇಲ್ಲ. ಬಿಡದ ಬಣ್ಣ ಸಿಕ್ಕಿದೆ! ಹೇಗೆ ಒಗೆದ್ರೂ ಹೋಗಲ್ವಂತೆ. ಅಂಗಡಿಯವನು ಆಣೆ ಇಟ್ಟು ಹೇಳ್ದ."

"ಬಣ್ಣದ ಅಂಗಡಿಯವರ ಆಣೇನಾ?" ಎಂದರು ಅತ್ತೆ. ಅವರ ದನಿಯಲ್ಲಿ ಒಂದು ತಲೆಮಾರಿನ ಅನುಭವವಿತ್ತು.

ಅವನು ಚಾದರ ಕೊಟ್ಟು ಕೂಡಲೇ ಹೋಗುತ್ತಿರಲಿಲ್ಲ. ಅವಳೂ ಕೂಡಲೇ ಕಳಿಸುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ. ಪರದೆಯ ಕೆಳಗೆ ಎರಡು ಸಾಲಿಗೆ ಮಾತ್ರ ಜಾಗ. ಮನುಷ್ಯರು ಅತ್ತರೂ ಎರಡು ಸಾಲು, ಶಪಿಸಿದರೂ ಎರಡು ಸಾಲು.

"ಯಾವುದಾದ್ರೂ ಸಾಲು ಮನಸ್ಸಲ್ಲಿ ಉಳ್ಕೊಂಡಿದೆಯಾ?" ಎಂದು ಕೇಳಿದಳು ಒಮ್ಮೆ, ಅಂಗಿಯೊಂದರ ಕಾಲರ್ ತಿಕ್ಕುತ್ತಾ.

ಅವನು ಉಳಿದ ಚಹಾ ಕುಡಿದು ಮುಗಿಸಿದ.

"ಒಂದು ಹುಡುಗಿ. ಮನೆ ಬಿದ್ದ ಮೇಲೆ ಯಾರೋ ಅವಳನ್ನ ಮಾತಾಡಿಸ್ತಾರೆ. 'ಅಮ್ಮ ಒಣಗಿದ ಬಟ್ಟೆ ತರೋಕೆ ಮಾಳಿಗೆಗೆ ಹೋದ್ರು' ಅಂತಾಳೆ. ಪರದೆ ಮೇಲೆ ಅಷ್ಟೇ ಹಾಕಿದ್ವಿ."

"ಇನ್ನೂ ಇತ್ತಾ?"

"ಇತ್ತು. ಅಮ್ಮ ಒಂದು ಸಲ ಬಟ್ಟೆ ತಗೊಂಡು ಇಳಿದು ಬಂದಿದ್ರಂತೆ. ಹುಡುಗಿಯ ಹಸಿರು ಅಂಗಿ ಮಾತ್ರ ಇನ್ನೂ ಸ್ವಲ್ಪ ಹಸಿಯಿತ್ತು ಅಂತ ತಂತಿ ಮೇಲೇ ಬಿಟ್ಟಿದ್ರು. ಇವಳು ಅದೇ ಬೇಕು ಅಂತ ಹಟ ಮಾಡಿದ್ಲು. ಒಣಗಿದೆಯೇನೋ ನೋಡ್ತೀನಿ ಅಂತ ಅಮ್ಮ ಮತ್ತೆ ಹತ್ತಿದ್ರು." ಅವನು ಖಾಲಿ ಲೋಟವನ್ನು ತಿರುಗಿಸಿದ. "ಚಾನೆಲ್‌ನವರು ಆ ಭಾಗ ಕತ್ತರಿಸಿದ್ರು. ಅಷ್ಟು ಉದ್ದ ಹಿಡಿಸಲ್ಲ ಅಂತ."

ಅವಳ ಕೈ ನಿಂತಿತ್ತು. ಕಾಲರಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

ಹಸಿಯಿದೆಯಾ, ಒಣಗಿದೆಯಾ... ದಿನಕ್ಕೆ ಎಷ್ಟು ಸಲ ನಾನು ಅದನ್ನೇ ನೋಡಲು ಮೆಟ್ಟಿಲು ಹತ್ತುತ್ತೇನೆ! ಮುಟ್ಟಿ ನೋಡಿ, ಕೆನ್ನೆಗೊತ್ತಿ ನೋಡಿ, ಇನ್ನರ್ಧ ಗಂಟೆ ಬೇಕು ಎಂದು ಇಳಿದು ಬರುತ್ತೇನೆ. ಆಕಾಶದ ಕಡೆ ನೋಡುವುದು ಮೋಡವಿದೆಯಾ ಎಂದಷ್ಟೇ.

"ಒಂದು ಶನಿವಾರ ನೀವೂ ಬನ್ನಿ," ಎಂದ ಅವನು ಮೆಲ್ಲಗೆ. "ಸುಮ್ನೆ ಮಲಗಿದ್ರೆ ಸಾಕು."

"ಮಲಗೋದಾ? ಹಾಡಹಗಲು?" ಅವಳ ನಗು ಅರ್ಧಕ್ಕೇ ನಿಂತಿತು. "ಅದು ನಿಮಗೆ ಪ್ರತಿಭಟನೆ ಇರಬಹುದು, ನನಗದು ಜೀವಮಾನದ ಆಸೆ. ನನಗೆ ಮಲಗೋಕೆ ಪುರುಸೊತ್ತಿಲ್ಲ. ನನ್ನ ಕೈಲಿ ಏನಾಗುತ್ತೋ ಅದನ್ನ ನಿಂತ್ಕೊಂಡೇ ಮಾಡ್ತೀನಿ."

ಈ ಮಾತನ್ನು ಅವನು ನೆನಪಿಟ್ಟುಕೊಂಡ. ಎರಡನೆಯ ತೊಂದರೆ ಅದು.

* * *

ಅನಾಹುತ ಒಂದು ಬುಧವಾರ ಆಯಿತು.

ಅತ್ತೆ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು. ಸಣ್ಣ ಮಿಷನ್ನು ಕೆಟ್ಟು ಕೂತಿತ್ತು. ಹಿಂದಿನ ರಾತ್ರಿ ಹೋಟೆಲೊಂದರ ಪರದೆಗಳು, ಬೆಳಗ್ಗೆ ಕಾರ್ಖಾನೆಯ ಕೋಟುಗಳು. ಊಟವಾದ ಮೇಲೆ ಒಂದೇ ಒಂದು ನಿಮಿಷ ಎಂದು ಅವಳು ಕುರ್ಚಿಯಲ್ಲಿ ಕೂತಳು.

ಕಣ್ಣು ಬಿಟ್ಟಾಗ ನೆರಳು ಬಾಗಿಲು ದಾಟಿತ್ತು. ಅಯ್ಯೋ! ಗಡಬಡಿಸಿ ಎದ್ದು, ಬಾಗಿಲ ಬಳಿಯಿದ್ದ ಬಿಳಿ ಗಂಟುಗಳನ್ನೆಲ್ಲ ಒಂದರ ಹಿಂದೊಂದು ದೊಡ್ಡ ಮಿಷನ್ನಿನ ಬಾಯಿಗೆ ಸುರಿದು, ಬಿಸಿನೀರು ತಿರುಗಿಸಿದಳು.

ಮಿಷನ್ನು ನಿಂತಮೇಲೆ ಬಾಗಿಲು ತೆರೆದವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಯಾರದೋ ಬಟ್ಟೆ ಬಂದಿದೆ ಎಂದುಕೊಂಡಳು. ಎಳೆದಳು. ಕೋಟು. ಇನ್ನೊಂದು ಎಳೆದಳು. ಕೋಟು. ಒಂದೂ ಬಿಡದಂತೆ ಎಲ್ಲವೂ ಗುಲಾಬಿ ಬಣ್ಣ!

ಕೊನೆಗೆ, ಅಡಿಯಲ್ಲಿ, ಚಾದರಗಳು ಸಿಕ್ಕವು. ಅವುಗಳ ಮೇಲೆ ಕಲೆಯೇ ಇರಲಿಲ್ಲ. ಬಿಡದ ಬಣ್ಣ ಅಷ್ಟೂ ಬಿಟ್ಟಿತ್ತು.

ಅವಳು ಒದ್ದೆ ನೆಲದ ಮೇಲೆ ಕುಸಿದು ಕೂತಳು. ಗೋಡೆಯ ಮೇಲೆ ಅಪ್ಪನ ಸಾಲು. ಅದರ ಕಡೆ ನೋಡಲಾಗಲಿಲ್ಲ.

ಚಾದರದ ಗಂಟು ಇಲ್ಲಿಗೆ ಹೇಗೆ ಬಂತು? ನಾನು ಮಲಗಿದ್ದಾಗ ತಂದಿಟ್ಟಿದ್ದಾನೆ. ಕೋಟುಗಳ ಪಕ್ಕಕ್ಕೇ ಇಟ್ಟಿದ್ದಾನೆ. ಬುಧವಾರ ಎಂದು ಕೇಳಿ ತಿಳಿದುಕೊಂಡಿದ್ದ. ಬೇರೆ ದಿನ ಬರುತ್ತೇನೆ ಅಂದವನು ಬುಧವಾರವೇ ಬಂದಿದ್ದಾನೆ. ಬಣ್ಣ ಬಿಡಲ್ಲ ಅಂತ ಬೇರೆ ಹೇಳಿದ್ದ...

ಅಷ್ಟು ದಿನದ ಚಹಾ, ಅಷ್ಟು ದಿನದ ಮಾತು, ಆ ಹಸಿರು ಅಂಗಿ... ಎಲ್ಲ ಇದಕ್ಕಾ?

ಅಳು ಬರುತ್ತದೆಂದು ಕಾದಳು. ಅಳುವುದಕ್ಕೂ ಶಕ್ತಿ ಬೇಕಿತ್ತು, ಬರಲಿಲ್ಲ.

* * *

ಮರುದಿನ ಕಾರ್ಖಾನೆಯವರು ಬೇರೆ ಕೋಟಿಲ್ಲದೆ ಗುಲಾಬಿ ಕೋಟು ತೊಟ್ಟೇ ಕೆಲಸ ಮಾಡಿದರು. ಯಾರೋ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಅದು ಜಗತ್ತು ಸುತ್ತಿತ್ತು. 'ಯುದ್ಧದ ಕಣ್ಣಿಗೆ ನಾಚಿಕೆಯ ಬಣ್ಣ' ಎಂದು ಯಾರೋ ಬರೆದರು. ಯಾವುದೋ ಖಂಡದ ಯಾವುದೋ ಊರಿನಲ್ಲಿ ಜನ ಶನಿವಾರಕ್ಕೂ ಕಾಯದೆ, ಬಿಳಿ ಚಾದರ ಬಿಟ್ಟು ಗುಲಾಬಿ ಕೋಟು ಹಾಕಿಕೊಂಡು ಮಲಗಿದರು. ಈ ಚಳವಳಿಯ ಅತ್ಯಂತ ದಿಟ್ಟ ಹೆಜ್ಜೆ ಎಂದು ತಜ್ಞರು ಟೀವಿಯಲ್ಲಿ ಒಮ್ಮತಕ್ಕೆ ಬಂದರು. ತಜ್ಞರು ಒಮ್ಮತಕ್ಕೆ ಬರುವುದೇ ಅಪರೂಪ. ಬಂದಾಗ ಹೀಗಾಗುತ್ತದೆ.

ಅಣ್ಣ ಮನೆಗೆ ಬಂದದ್ದು ಗುಲಾಬಿ ಕೋಟಿನಲ್ಲೇ.

"ಲೇ ಗುಬ್ಬಿ! ನನ್ನ ಮಾನ ಮೂರು ಕಾಸಿಗೆ ಹರಾಜಾಯ್ತಲ್ಲೇ! ಮ್ಯಾನೇಜರು ನನ್ನ ನೋಡಿ 'ನಿಮ್ಮ ತಂಗಿ ಲಾಂಡ್ರೀನೇ ಅಲ್ವಾ' ಅಂದ್ರು. ಪೊಲೀಸ್ ಕಂಪ್ಲೇಂಟ್ ಆಗಿದೆ. ನಾಳೆ ನಿನ್ನ ಕರೀತಾರೆ."

"ಬಣ್ಣವೇನೋ ನಿನಗೆ ಒಪ್ಪುತ್ತೆ ಕಣೋ," ಎಂದರು ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಾ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಚಾದರದವನ ಕರೆ. ಅವಳು ಎತ್ತಲಿಲ್ಲ. ಕೊನೆಗೊಂದು ಸಂದೇಶ ಬಂತು: 'ನಿಮ್ಮಂಥವರನ್ನು ನಾನು ನೋಡಿಲ್ಲ.'

ನಾನೂ ನಿಮ್ಮಂಥವರನ್ನ ನೋಡಿಲ್ಲ ಎಂದುಕೊಂಡು ಅವಳು ಫೋನನ್ನು ಮಗುಚಿ ಇಟ್ಟಳು.

ಮರುದಿನ ಪೊಲೀಸರು ಕರೆಯಲಿಲ್ಲ. ಬದಲಿಗೆ ಅಣ್ಣ ಮಧ್ಯಾಹ್ನವೇ ಅಂಗಡಿಗೆ ಓಡಿಬಂದ. ಮುಖ ಅರಳಿತ್ತು.

"ಬಚಾವಾದೆ ಗುಬ್ಬಿ! ಆ ಚಾದರದವನು ತಾನೇ ಸ್ಟೇಷನ್ನಿಗೆ ಹೋಗಿ ಒಪ್ಕೊಂಡಿದ್ದಾನೆ. ಎಲ್ಲ ನಾನೇ ಮಾಡಿದ್ದು, ಲಾಂಡ್ರಿಯವರಿಗೆ ಏನೂ ಗೊತ್ತಿಲ್ಲ ಅಂತ. ಮ್ಯಾನೇಜರ್ ಫೋನ್ ಮಾಡಿದ್ರು. ನಿನ್ನ ತಪ್ಪಿಲ್ಲವಲ್ಲ, ಕೋಟು ಮುಂದೇನೂ ನಿನಗೇ ಕೊಡ್ತಾರಂತೆ."

ಹಾಗಾದರೆ ನಿಜವೇ! ಕೊನೆಯ ತನಕ, ಎಲ್ಲೋ ಒಂದು ಮೂಲೆಯಲ್ಲಿ, ಇರಲಾರದು ಎಂದುಕೊಂಡಿದ್ದಳು ಅವಳು.

"ಖದೀಮ ನೋಡು," ಅಣ್ಣ ಹೇಳುತ್ತಲೇ ಇದ್ದ. "ನೀನು ಊಟಕ್ಕೆ ಹೋದಾಗ ಹಿಂದಿನ ಬಾಗಿಲ ಬೀಗ ಒಡೆದು ಒಳಗೆ ಬಂದು, ಮಿಷನ್ನಿಗೆ ಒಂದು ಬಾಟಲಿ ಬಣ್ಣ ಸುರಿದನಂತೆ."

ಅತ್ತೆಯ ಇಸ್ತ್ರಿಪೆಟ್ಟಿಗೆ ನಿಂತಿತು.

"ಯಾವ ಹಿಂದಿನ ಬಾಗಿಲು?"

ಮೂವರೂ ತಿರುಗಿ ಅಂಗಡಿಯ ಹಿಂಭಾಗವನ್ನು ನೋಡಿದರು. ಅಲ್ಲಿ ಗೋಡೆಯಿತ್ತು. ಗೋಡೆಯಾಚೆ ರೈಲು ಹೋಗುತ್ತಿತ್ತು.

ಲಾಂಡ್ರಿಯವಳ ಕಣ್ಣು ಗೋಡೆಯ ಮೇಲೇ ನಿಂತಿತು. ಬಾಗಿಲಿಲ್ಲ. ಬಾಟಲಿಯೂ ಇಲ್ಲ. ಚಾದರ ಹೇಗೆ ಒಳಗೆ ಹೋಯಿತು ಎಂಬುದೇ ಅವನಿಗೆ ಗೊತ್ತಿಲ್ಲ! ಗೊತ್ತಿಲ್ಲದವನು ಮಾಡಿರಲು ಸಾಧ್ಯವಿಲ್ಲ. ಮಾಡದವನು ಯಾಕೆ ಒಪ್ಪಿಕೊಂಡ?

ನಿಂತ್ಕೊಂಡೇ ಮಾಡ್ತೀನಿ ಅಂದಿದ್ದೆ ಅವನಿಗೆ...

"ಅಯ್ಯೋ ಅತ್ತೆ! ನಾನು ಬೇಕಂತ ಮಾಡಿದೆ ಅಂದ್ಕೊಂಡಿದ್ದಾರೆ ಅವರು!"

ಅತ್ತೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟರು. "ಚಾದರಕ್ಕೆ ಬುದ್ಧಿ ಕಮ್ಮಿ," ಎಂದರು. "ಆದ್ರೆ ಮನುಷ್ಯ ಪರವಾಗಿಲ್ಲ."

"ಬಾಯಿ ಮುಚ್ಚಿಕೊಂಡು ಇರು ಗುಬ್ಬಿ," ಎಂದ ಅಣ್ಣ. ಅವನ ದನಿಯಲ್ಲಿ ಬೆದರಿಕೆಗಿಂತ ಬೇಡಿಕೆಯೇ ಹೆಚ್ಚಿತ್ತು. "ನೀನು ಹೋಗಿ ಬೆರೆಸಿದ್ದು ನಾನೇ ಅಂದ್ರೆ ಕೋಟೂ ಹೋಗುತ್ತೆ, ಅಂಗಡಿ ಹೆಸರೂ ಹೋಗುತ್ತೆ. ಬಿಳಿಯಿಂದ ಬಣ್ಣ ಬೇರೆ ಮಾಡೋಕೆ ಬರದ ಲಾಂಡ್ರಿಗೆ ಯಾರು ಬರ್ತಾರೆ? ಅಪ್ಪನ ಅಂಗಡಿ ಕಣೇ ಇದು."

ಅಪ್ಪನ ಅಂಗಡಿ. ಹೌದು. ಆದರೆ ಅವಳಿಗೆ ಹೆದರಿಕೆಯಾದದ್ದು ಅದಕ್ಕಲ್ಲ. ತಾನು ಹೋಗಿ ನಿಜ ಹೇಳಿದರೆ ಅವನ ಕಣ್ಣಿನಲ್ಲಿ ಆ ದಿಟ್ಟ ಹೆಂಗಸು ಸತ್ತುಹೋಗುತ್ತಾಳೆ. ಉಳಿಯುವುದು ನಿದ್ದೆಗಣ್ಣಿನಲ್ಲಿ ಎಡವಟ್ಟು ಮಾಡಿದ ಲಾಂಡ್ರಿಯವಳು. ಅವಳನ್ನು ಯಾರು...

ಅಂಗಡಿಯ ಶಟರ್ ಎಳೆದಳು. ಹಗಲು ಹೊತ್ತಿನಲ್ಲಿ ಆ ಶಟರ್ ಇಳಿದದ್ದು ಅಪ್ಪ ಸತ್ತ ದಿನ ಬಿಟ್ಟರೆ ಇವತ್ತೇ.

* * *

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದರು. ಮೇಜಿನ ಈ ಕಡೆ ಅವಳು, ಆ ಕಡೆ ಬೆಂಚಿನ ಮೇಲೆ ಅವನು.

"ನನ್ನ ಸರ್ವಿಸ್ಸಲ್ಲಿ ನಾನಲ್ಲ ನಾನಲ್ಲ ಅನ್ನೋರನ್ನೇ ನೋಡಿದ್ದು. ನೀವಿಬ್ರೂ ನಾನು ನಾನು ಅಂತ ಗುದ್ದಾಡ್ತಿದ್ದೀರಲ್ರೀ!"

"ಸರ್, ಅವರು ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾರೆ," ಎಂದ ಅವನು ಎದ್ದುನಿಂತು.

"ಸುಳ್ಳು ಹೇಳ್ತಿರೋದು ಇವರು," ಎಂದಳು ಅವಳು. "ಹಿಂದಿನ ಬಾಗಿಲು ಒಡೆದರಂತೆ. ಕೇಳಿ ಸರ್, ಆ ಬಾಗಿಲು ಯಾವ ಬಣ್ಣ ಅಂತ."

"ಯಾವ ಬಣ್ಣ?" ಕೇಳಿದರು ಇನ್ಸ್‌ಪೆಕ್ಟರ್.

"ಹಸಿರು," ಎಂದ ಅವನು, ಸ್ವಲ್ಪ ತಡವರಿಸಿ.

"ಅಲ್ಲಿ ಬಾಗಿಲೇ ಇಲ್ಲ. ಗೋಡೆ."

"...ಇಲ್ವಾ?"

"ಇಲ್ಲ."

ಅವನು ಮೆಲ್ಲಗೆ ಕೂತುಬಿಟ್ಟ. ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. ಅವರಿಗೂ ದಿನವೆಲ್ಲ ದುಡಿದು ಸುಸ್ತಾಗಿತ್ತು. ಇದು ಆ ದಿನದ ಮೊದಲ ಒಳ್ಳೆಯ ಸುದ್ದಿ.

"ಸರಿ. ಹಾಗಾದ್ರೆ ಮಾಡಿದ್ದು ಯಾರಮ್ಮಾ?"

"ಯಾರೂ ಮಾಡಿಲ್ಲ ಸರ್. ಆಯ್ತು." ಅವಳು ಇನ್ಸ್‌ಪೆಕ್ಟರನ್ನು ನೋಡಿಯೇ ಹೇಳಿದಳು. ಅವನ ಕಡೆ ನೋಡುವ ಧೈರ್ಯವಿರಲಿಲ್ಲ. "ನನಗೆ ನಿದ್ದೆ ಬಂದಿತ್ತು. ಎದ್ದವಳು ಗಂಟು ಯಾವುದು ಅಂತ ನೋಡದೆ ಎಲ್ಲ ಒಟ್ಟಿಗೆ ಹಾಕಿದೆ. ಬಿಳಿ ಬೇರೆ, ಬಣ್ಣ ಬೇರೆ ಅಂತ ನಮ್ಮಪ್ಪ ಗೋಡೆ ಮೇಲೆ ಬರೆದಿದ್ದಾರೆ. ನಾನು ನೋಡಲಿಲ್ಲ. ಇದರಲ್ಲಿ ಚಳವಳಿನೂ ಇಲ್ಲ, ಧೈರ್ಯನೂ ಇಲ್ಲ."

ಫ್ಯಾನು ಕಿರುಗುಟ್ಟುತ್ತಾ ತಿರುಗುತ್ತಿತ್ತು.

ಆಮೇಲೆ ಅವನ ಕಡೆ ತಿರುಗಿದಳು. "ನಿಮ್ಮಂಥವರನ್ನ ನೋಡಿಲ್ಲ ಅಂತ ಬರೆದಿದ್ರಲ್ಲ. ಅವಳು ಇಲ್ಲ. ಅಂಥವಳು ಯಾರೂ ಇಲ್ಲ. ಇರೋದು ಇಷ್ಟೇ. ಅದೂ ಅಲ್ಲದೆ, ನೀವು ಬೇಕಂತಲೇ ಗಂಟು ಅಲ್ಲಿಟ್ರಿ ಅಂತ ನಾನು... ಎರಡು ದಿನ ನಿಮ್ಮನ್ನ ಬೈಕೊಂಡೇ ಇದ್ದೆ."

"ನಾನಾ? ಬೇಕಂತಲಾ?"

"ಬುಧವಾರ ಬರಲ್ಲ ಅಂದಿದ್ರಿ. ಬುಧವಾರವೇ ಬಂದ್ರಿ."

"ಹೆಡ್ ಮೇಡಂ ಊರಿಗೆ ಹೋಗೋದಿತ್ತು. ಚಾದರ ಬೇಗ ಬೇಕು ಅಂದ್ರು..." ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವುದು ಮುಗಿಯಲೇ ಇಲ್ಲ. "ಬಂದಾಗ ನೀವು ಕುರ್ಚಿಲಿ ಮಲಗಿದ್ರಿ. ಬಾಯಿ ಸ್ವಲ್ಪ ತೆಗೆದಿತ್ತು. ಒಂದು ಕೈಲಿ ಯಾರದೋ ಕಾಲುಚೀಲ ಹಿಡ್ಕೊಂಡೇ ಇದ್ರಿ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಸದ್ದಾಗದ ಹಾಗೆ ಇಡೋಕೆ ಬಾಗಿಲ ಹತ್ರ ಮಾತ್ರ ಜಾಗ ಇತ್ತು. ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ."

"ಯಾಕೆ?"

"ನೋಡ್ತಾ."

ಇನ್ಸ್‌ಪೆಕ್ಟರ್ ಕೆಮ್ಮಿದರು. ಇಬ್ಬರಿಗೂ ಕೇಳಿಸಲಿಲ್ಲ.

"ಗುಲಾಬಿ ಕೋಟಿನ ಸುದ್ದಿ ಬಂದಿದ್ದು ಮರುದಿನ," ಎಂದ ಅವನು. "ನನಗೆ ಇಷ್ಟ ಆದವಳು ಅದಕ್ಕಿಂತ ಮುಂಚಿನವಳು. ಕುರ್ಚಿಲಿ ಮಲಗಿದ್ದವಳು. ಧೈರ್ಯ ಇದ್ದಿದ್ರೆ ಅದೊಂದು ಹೆಚ್ಚಿಗೆ ಅಷ್ಟೇ. ಇಲ್ಲದಿದ್ರೂ ನಡೆಯುತ್ತೆ."

ಈಗ ಅವಳಿಗೆ ಅಳು ಬಂತು. ಶಕ್ತಿ ಎಲ್ಲಿಂದ ಬಂತೋ!

"ನೋಡಿ," ಎಂದರು ಇನ್ಸ್‌ಪೆಕ್ಟರ್, ಇನ್ನು ತಡೆಯಲಾರದೆ, "ನಿದ್ದೆಗಣ್ಣಲ್ಲಿ ಬಟ್ಟೆ ಒಗೆದಿದ್ದಕ್ಕೆ ನನ್ನ ಹತ್ರ ಸೆಕ್ಷನ್ ಇಲ್ಲ. ಇಲ್ಲದ ಬಾಗಿಲು ಒಡೆದಿದ್ದಕ್ಕೂ ಇಲ್ಲ. ಇಬ್ರೂ ಹೊರಗೆ ಹೋಗಿ ಮಾತಾಡ್ಕೊಳ್ಳಿ. ಇದು ಸ್ಟೇಷನ್ನು."

* * *

ನಿಜವನ್ನು ಮುಚ್ಚಿಡಬಾರದೆಂದು ಹೆಡ್ ಮೇಡಂ ಪಟ್ಟುಹಿಡಿದರು. ಕೋಟುಗಳು ಗುಲಾಬಿಯಾದದ್ದು ಕೈತಪ್ಪಿನಿಂದ ಎಂದು ಅವರ ಗುಂಪು ಜಗತ್ತಿಗೆಲ್ಲ ತಿಳಿಸಿತು. ಜಗತ್ತು ನಂಬಲಿಲ್ಲ. ಎಂಥ ವಿನಯ, ಎಂಥ ಚಾಣಾಕ್ಷತನ ಎಂದು ಕೊಂಡಾಡಿತು. ಆ ವಾರ ಇನ್ನಷ್ಟು ಊರುಗಳಲ್ಲಿ ಜನ ಗುಲಾಬಿ ಕೋಟು ತೊಟ್ಟು ಮಲಗಿದರು. ಆ ವಾರವೂ ಎಲ್ಲೋ ಒಂದು ಮನೆ ನೆಲಸಮವಾಯಿತು. ಅವನು ಅದಕ್ಕೆ ಎರಡು ಸಾಲು ಬರೆದ.

ಕೋಟಿನ ಕೆಲಸ ಹೋಯಿತು. ಅಣ್ಣ ತಂಗಿಯೊಂದಿಗೆ ಮಾತು ಬಿಟ್ಟ. ನಾಲ್ಕನೇ ದಿನ ತನ್ನ ಇಸ್ತ್ರಿ ಅಂಗಿ ಎಲ್ಲಿ ಎಂದು ಕೇಳಬೇಕಾಗಿ ಬಂದು ಮಾತು ಶುರುವಾಯಿತು.

ಮುಂದಿನ ವಾರದ ಶನಿವಾರ ಅವಳು ಕಾರ್ಖಾನೆಯ ಗೇಟಿಗೆ ಬಂದಳು. ಕೈಯಲ್ಲಿ ಹಗ್ಗ, ಬಕೆಟ್ಟು. ಬಕೆಟ್ಟಿನಲ್ಲಿ ಪುಟ್ಟದೊಂದು ಹಸಿರು ಅಂಗಿ. ಗೇಟಿನೆದುರಿನ ಎರಡು ಕಂಬಗಳಿಗೆ ಹಗ್ಗ ಬಿಗಿದು, ಅಂಗಿಯನ್ನು ಹಿಂಡಿ, ಕೊಡವಿ, ಹರವಿ, ಕ್ಲಿಪ್ಪು ಹಾಕಿದಳು. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಯಾರೂ ಫೋಟೋ ತೆಗೆಯಲಿಲ್ಲ. ಮೇಲಿನ ಕಿಟಕಿಯಿಂದ ಅಣ್ಣ ನೋಡಿದ. ಊಟದ ಬಿಡುವು ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ.

ಚಾದರದವನು ಅಂಗಿಯ ಕೆಳಗೆ ನಿಂತಿದ್ದ.

"ನಿಂತ್ಕೊಂಡೇ ಮಾಡ್ತೀನಿ ಅಂದಿದ್ದೆನಲ್ಲ," ಎಂದಳು ಅವಳು. "ಇದು ನಾನು ಬೇಕಂತ ಮಾಡಿದ್ದು."

"ಗೊತ್ತಾಯ್ತು."

"ಈಗ ಕಾಲು ನೋಯ್ತಿದೆ. ಒಂದು ಚಾದರ ಕೊಡಿ."

ಅವಳು ಅವನ ಪಕ್ಕದಲ್ಲಿ ರಸ್ತೆಯ ಮೇಲೆ ಮಲಗಿದಳು. ಚಾದರ ಮುಖದ ಮೇಲೆ ಬಂತು. ತಾನೇ ಒಗೆದ ಬಟ್ಟೆಯ ವಾಸನೆ. ಒಳಗೆ ಬಿಳಿಯ ಬೆಳಕು. ಆಚೆ ಕಡೆ ಹೆಡ್ ಮೇಡಂ ಗೊರಕೆ. ಸತ್ತವರ ಬಗ್ಗೆ ಯೋಚಿಸಬೇಕು ಎಂದುಕೊಂಡಳು, ಆ ಹುಡುಗಿಯ ಬಗ್ಗೆ, ಮಾಳಿಗೆಯ ಮೆಟ್ಟಿಲ ಬಗ್ಗೆ. ಯೋಚಿಸಿದಳು ಕೂಡ. ಆಮೇಲೆ ನಿದ್ದೆ ಬಂದುಬಿಟ್ಟಿತು.

ಎಲ್ಲರೂ ಎದ್ದು ಚಾದರ ಮಡಿಸತೊಡಗಿದರು. ಅವನು ಅವಳ ಚಾದರದ ಅಂಚು ಸರಿಸಿದ. ಬಾಯಿ ಸ್ವಲ್ಪ ತೆಗೆದಿತ್ತು.

"ಕೇಳಿಸ್ತಾ? ಮುಗೀತು."

"ಹೂಂ... ಅಂಗಿ ಒಣಗಿತಾ?" ಎಂದಳು ಕಣ್ಣು ಬಿಡದೆ.

ಅವನು ಎದ್ದುಹೋಗಿ ಮುಟ್ಟಿ ನೋಡಿ ಬಂದ. "ಇನ್ನೂ ಸ್ವಲ್ಪ ಹಸಿಯಿದೆ."

"ಹಾಗಾದ್ರೆ ಇನ್ನು ಸ್ವಲ್ಪ ಹೊತ್ತು."

"ಮಲ್ಕೊಳ್ಳಿ. ನಾನಿರ್ತೀನಿ."

"ಈ ಸಲ ಎಬ್ಬಿಸ್ಬೇಕು ಮತ್ತೆ. ಸುಮ್ನೆ ನೋಡ್ತಾ ನಿಂತ್ರೆ ಕೆಲಸ ಕೆಡುತ್ತೆ."

"ಎಬ್ಬಿಸ್ತೀನಿ. ದಿನಾ ಎಬ್ಬಿಸ್ಲಾ?"

ಅವಳು ಒಂದು ಕಣ್ಣು ತೆರೆದು 'ಹೂಂ' ಎಂದು ಮತ್ತೆ ಮುಚ್ಚಿದಳು.

ಕಾರ್ಖಾನೆ ಕಡುನೀಲಿ ಕೋಟುಗಳನ್ನು ತರಿಸಿತು. ಅವನ್ನು ಬೇರೆ ಲಾಂಡ್ರಿಯವರು ಒಗೆಯುತ್ತಾರೆ. ಇವರಿಬ್ಬರ ಮದುವೆಯಾಯಿತು.